ಬಾಗಲಕೋಟೆ ಪರಿಸರದಲ್ಲಿ ದಾನ, ದಾಸೋಹ ಮತ್ತು ಸಂಘಸೇವೆ: ಒಂದು ಚಾರಿತ್ರಿಕ ಅವಲೋಕನ

ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳ ನಡುವೆ ಹರಡಿರುವ ಬಾಗಲಕೋಟೆ ಪರಿಸರವು ಕನ್ನಡ ನಾಡಿನ ರಾಜಕೀಯ ಮತ್ತು ಕಲಾ ಇತಿಹಾಸದಲ್ಲಿ ವಿಶಿಷ್ಟ ಸ್ಥಾನ ಪಡೆದಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಕೂಡಲಸಂಗಮಗಳ ಬಗೆಗೆ ವಿಪುಲವಾದ ಸಂಶೋಧನೆ ನಡೆದಿದೆ. ಆದರೆ ಈ ಭಾಗದಲ್ಲಿ ಕೊಡುವುದು ಮತ್ತು ಪಡೆಯುವುದು ಎಂಬ ಸಾಮಾಜಿಕ ಕ್ರಿಯೆ ಬೆಳೆದುಬಂದ ಬಗೆಯನ್ನು ಒಂದೇ ಸೂತ್ರದಲ್ಲಿ ಪೋಣಿಸಿ ನೋಡಿದ ಪ್ರಯತ್ನಗಳು ವಿರಳ. ಅರಸರ ದತ್ತಿಗಳನ್ನು ಶಾಸನತಜ್ಞರೂ, ದಾಸೋಹವನ್ನು ವಚನಸಾಹಿತ್ಯದ ವಿದ್ವಾಂಸರೂ, ವಿದ್ಯಾಸಂಸ್ಥೆಗಳನ್ನು ಶಿಕ್ಷಣದ ಇತಿಹಾಸಕಾರರೂ ಬೇರೆ ಬೇರೆಯಾಗಿ ಅಭ್ಯಸಿಸಿದ್ದಾರೆ. ಇಂದು ಬಾಗಲಕೋಟೆ, ಇಳಕಲ್ಲಿನಂಥ ಪಟ್ಟಣಗಳಲ್ಲಿ ನೇತ್ರ ತಪಾಸಣೆ, ರಕ್ತದಾನ, ಶಾಲಾಮಕ್ಕಳಿಗೆ ನೆರವು ಮುಂತಾದ ಕೆಲಸಗಳಲ್ಲಿ ತೊಡಗಿರುವ ರೋಟರಿ, ಲಯನ್ಸ್ ಮೊದಲಾದ ಸೇವಾಸಂಸ್ಥೆಗಳಂತೂ ಇತಿಹಾಸದ ವಸ್ತುವೇ ಅಲ್ಲವೆಂಬ ಭಾವನೆ ಬೇರೂರಿದೆ.

ಪಟ್ಟಣದ ಕೆಲವರು ಒಟ್ಟುಗೂಡಿ, ತಮಗೆ ತಾವೇ ನಿಯಮ ಹಾಕಿಕೊಂಡು, ವಂತಿಗೆ ಎತ್ತಿ ಪರರಿಗೆ ನೆರವಾಗುವ ಪದ್ಧತಿಯು ಪಶ್ಚಿಮದಿಂದ ಬಂದ ಹೊಸ ವಸ್ತುವೇ? ಅಥವಾ ಈ ನೆಲದಲ್ಲಿ ಅದಕ್ಕೆ ಪೂರ್ವಸಿದ್ಧತೆ ಇತ್ತೇ? ದಾನಿ ಬದಲಾದಂತೆ ದಾನದ ಸ್ವರೂಪವೂ ಅದರ ಹೊಣೆಗಾರಿಕೆಯೂ ಹೇಗೆ ಬದಲಾದವು? ಈ ಪ್ರಶ್ನೆಗಳನ್ನು ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪ್ರದೇಶಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಬಾದಾಮಿಯ ಕಲ್ಮನೆ ಮತ್ತು ಅರಸರ ದತ್ತಿ

ಈ ಪರಿಸರದ ದಾನದ ಇತಿಹಾಸಕ್ಕೆ ಸ್ಪಷ್ಟವಾದ ಆರಂಭಬಿಂದು ದೊರೆಯುವುದು ಬಾದಾಮಿಯ ಮೂರನೆಯ ಗುಹಾಲಯದಲ್ಲಿ. ಶಕ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು, ಚಾಲುಕ್ಯ ಅರಸ ಒಂದನೆಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಅವನ ತಮ್ಮ ಮಂಗಲೇಶನು ಈ ಮಹಾವಿಷ್ಣು ಗೃಹವನ್ನು ಪೂರೈಸಿ ವಿಷ್ಣುವಿನ ಪ್ರತಿಷ್ಠೆ ಮಾಡಿಸಿದನು. ದೇವಾಲಯದ ವೆಚ್ಚಕ್ಕಾಗಿ ಅವನು ಬಿಟ್ಟುಕೊಟ್ಟ ಗ್ರಾಮ ಲಂಜಿಗೇಸರ. ಇದನ್ನು ಮಹಾಕೂಟದ ಸಮೀಪದ ಇಂದಿನ ನಂದಿಕೇಶ್ವರವೆಂದು ವಿದ್ವಾಂಸರು ಗುರುತಿಸಿದ್ದಾರೆ. ನಾರಾಯಣಬಲಿ, ಹದಿನಾರು ಮಂದಿ ಬ್ರಾಹ್ಮಣರಿಗೆ ನಿತ್ಯಸತ್ರ, ಉಳಿದುದರಲ್ಲಿ ಪರಿವ್ರಾಜಕರಿಗೆ ಅನ್ನ ಎಂದು ವೆಚ್ಚದ ಕ್ರಮವನ್ನು ಸಂಸ್ಕೃತ ಶಾಸನವು ನಿಗದಿಗೊಳಿಸುತ್ತದೆ.

ಈ ಶಾಸನದಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಸೂರ್ಯ, ಅಗ್ನಿ ಮತ್ತು ನೆರೆದ ಮಹಾಜನರ ಸಮಕ್ಷಮದಲ್ಲಿ ಮಂಗಲೇಶನು ಕೈನೀರೆರೆದು ಈ ಕಾರ್ಯದ ಪುಣ್ಯಫಲವನ್ನೆಲ್ಲ ಅಣ್ಣನಿಗೆ ಅರ್ಪಿಸುತ್ತಾನೆ. ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎನ್ನುತ್ತಾನೆ. ದಾನದ ಫಲವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಈ ಮಾತು ರಾಜನೀತಿಯ ಭಾಗವೂ ಆಗಿರಬಹುದು. ಆದರೂ ಕೊಟ್ಟದ್ದಕ್ಕಿಂತ ಸೇವೆಯೇ ದೊಡ್ಡದೆಂಬ ತತ್ತ್ವವು ಈ ಪ್ರದೇಶದ ಅತ್ಯಂತ ಹಳೆಯ ದಾಖಲೆಗಳಲ್ಲೊಂದರಲ್ಲಿಯೇ ಕಾಣಿಸಿಕೊಂಡಿರುವುದು ಗಮನಾರ್ಹ.

ಇದೇ ದತ್ತಿಯನ್ನು ಕುರಿತ ಚಿಕ್ಕ ಕನ್ನಡ ಶಾಸನವೊಂದು ಅಲ್ಲಿಯೇ ಇದೆ. ಕಲ್ಮನೆಯ ದೇವರಿಗೆ ಲಂಜಿಗೇಸರವನ್ನು ಕೊಟ್ಟ ಸಂಗತಿಯನ್ನೂ ಹೂ ಒದಗಿಸುವ ಮಾಲೆಗಾರನ ಪಾಲನ್ನೂ ಅದು ಹೇಳುತ್ತದೆ; ದತ್ತಿಯನ್ನು ಅಳಿದವನು ಪಂಚಮಹಾಪಾತಕನಾಗುವನೆಂದೂ ಏಳನೆಯ ನರಕದ ಹುಳುವಾಗುವನೆಂದೂ ಎಚ್ಚರಿಸುತ್ತದೆ. ಸಂಸ್ಕೃತ ಬಲ್ಲವರಿಗೆ ಒಂದು ಪಾಠ, ಊರವರಿಗೆ ತಿಳಿಯುವ ಭಾಷೆಯಲ್ಲಿ ಮತ್ತೊಂದು ಪಾಠ ಎಂಬ ಈ ವ್ಯವಸ್ಥೆ ಆಕಸ್ಮಿಕವಲ್ಲ. ದತ್ತಿಯನ್ನು ಕಾಯಬೇಕಾದವರು ಸ್ಥಳೀಯರು. ಆದುದರಿಂದ ಷರತ್ತುಗಳು ಅವರ ನುಡಿಯಲ್ಲಿರಬೇಕು. ಲೆಕ್ಕಪರಿಶೋಧನೆಯಾಗಲಿ ನ್ಯಾಸದ ಕಾನೂನಾಗಲಿ ಇಲ್ಲದ ಕಾಲದಲ್ಲಿ ಶಾಪಾಶಯವೇ ದತ್ತಿಯ ರಕ್ಷಣಾ ವಿಧಾನವಾಗಿತ್ತು. ಕೊಟ್ಟವರು ಯಾರು, ಯಾವ ಉದ್ದೇಶಕ್ಕೆ, ಕಾಯುವವರು ಯಾರು ಎಂಬ ಮೂರು ಅಂಗಗಳು ಇಲ್ಲಿ ಒಟ್ಟಾಗಿ ಬಂದಿವೆ. ಮುಂದಿನ ಹದಿನಾಲ್ಕು ಶತಮಾನಗಳ ದಾನವನ್ನು ಅಳೆಯಲು ಈ ಮೂರು ಅಂಗಗಳೇ ಮಾನದಂಡವಾಗಬಲ್ಲವು.

ದಾನವು ಅರಸರಿಗಷ್ಟೇ ಮೀಸಲಾಗಿರಲಿಲ್ಲ. ಮಹಾಕೂಟದ ಶಾಸನವೊಂದು ಚಾಲುಕ್ಯ ವಿಜಯಾದಿತ್ಯನ (ಕ್ರಿ.ಶ. 696-733) ಪ್ರಾಣವಲ್ಲಭೆ ವಿನಾಪೋಟಿಯನ್ನು ಪರಿಚಯಿಸುತ್ತದೆ. ಅಜ್ಜಿ ರೇವಮಂಚಳು, ತಾಯಿ ಕುಚಿಪೋಟಿ ಎಂದು ಅವಳ ವಂಶವನ್ನು ತಾಯಿಯ ಕಡೆಯಿಂದಲೇ ಹೇಳಲಾಗಿದೆ. ಅವಳು ಹಿರಣ್ಯಗರ್ಭ ದಾನ ಮಾಡಿ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಮಾಡಿಸಿಕೊಟ್ಟು, ಮಂಗಳುಲ್ಲೆಯಲ್ಲಿ ಭೂಮಿ ಬಿಟ್ಟಳು. ಹಿರಣ್ಯಗರ್ಭವು ಸಾಮಾನ್ಯವಾಗಿ ಅರಸರು ಮಾಡುತ್ತಿದ್ದ ಮಹಾದಾನ. ಸಮಾಜದ ಅಂಚಿನಲ್ಲಿದ್ದ ಹೆಣ್ಣೊಬ್ಬಳಿಗೆ ದಾನವು ಸಾರ್ವಜನಿಕ ಗೌರವದ ದಾರಿಯಾದುದು ಇಲ್ಲಿ ಸ್ಪಷ್ಟವಾಗುತ್ತದೆ. ಇದಕ್ಕೆ ಹೋಲಿಸಿದರೆ ಆಧುನಿಕ ಸೇವಾಸಂಸ್ಥೆಗಳು ಹೆಣ್ಣುಮಕ್ಕಳಿಗೆ ಪೂರ್ಣ ಸದಸ್ಯತ್ವದ ಬಾಗಿಲು ತೆರೆದುದು ತಡವಾಗಿ: ಲಯನ್ಸ್ ಸಂಸ್ಥೆ 1987ರಲ್ಲಿ, ರೋಟರಿ 1989ರಲ್ಲಿ.

ಈ ದತ್ತಿಗಳನ್ನು ಕೊಂಡಾಡುವಾಗ ಅವುಗಳ ಇನ್ನೊಂದು ಮುಖವನ್ನು ಮರೆಯಲಾಗದು. ಅರಸನು ಗ್ರಾಮವನ್ನು ದಾನ ಮಾಡಿದನೆಂದರೆ ಅಲ್ಲಿಯ ತೆರಿಗೆಯ ಆದಾಯವನ್ನು ಬಿಟ್ಟುಕೊಟ್ಟನೆಂದು ಅರ್ಥ. ಉಳುವವನು ಕೊಡಬೇಕಾದುದನ್ನು ಕೊಡುತ್ತಲೇ ಇದ್ದನು. ಪಡೆಯುವವರು ಮಾತ್ರ ಬದಲಾದರು. ಲಂಜಿಗೇಸರದ ರೈತರ ಹೆಸರುಗಳು ಶಾಸನದಲ್ಲಿ ಇಲ್ಲ. ಹಾಗೆಯೇ ದಾನ ಪಡೆಯುವವರ ವಲಯವೂ ಸೀಮಿತವಾಗಿತ್ತು. ಈ ಎರಡು ಮಿತಿಗಳನ್ನು ಪ್ರಶ್ನಿಸುವ ಚಿಂತನೆ ಇದೇ ಪರಿಸರದಲ್ಲಿ ಮುಂದೆ ಹುಟ್ಟಿಕೊಂಡಿತು.

ಅಯ್ಯಾವೊಳೆಯ ಐನೂರ್ವರು: ಸಂಘಟಿತ ದಾನದ ಮಾದರಿ

ಹುನಗುಂದ ಭಾಗದ ಐಹೊಳೆಯು ಶಿಲ್ಪಕಲೆಗೆ ಎಷ್ಟು ಪ್ರಸಿದ್ಧವೋ ವಣಿಕ ಸಂಘಟನೆಗೂ ಅಷ್ಟೇ ಪ್ರಸಿದ್ಧ. ‘ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳು’ ಎಂಬ ಹೆಸರು ಮೊದಲು ಈ ಊರಿನ ಮಹಾಜನರಿಗೆ ಸಂಬಂಧಿಸಿದ್ದು, ಕಾಲಕ್ರಮದಲ್ಲಿ ದಕ್ಷಿಣ ಭಾರತದ ಬಹುದೊಡ್ಡ ವರ್ತಕ ಸಂಘದ ಹೆಸರಾಯಿತು. ಇಲ್ಲಿ ಐನೂರು ಎಂಬುದು ಸದಸ್ಯರ ನಿಖರ ಸಂಖ್ಯೆಯಲ್ಲ, ಸಂಘದ ಬಿರುದು. ಬೇರೆ ಬೇರೆ ಊರು, ಜಾತಿ, ಮತಗಳ ವರ್ತಕರು ಬಣಂಜುಧರ್ಮವೆಂಬ ಸಮಾನ ಕಟ್ಟಳೆಗೆ ಒಳಪಟ್ಟು ಈ ಸಂಘದಲ್ಲಿ ಸೇರಿದ್ದರು. ಅವರ ಪ್ರಶಸ್ತಿಗಳು ಕರ್ನಾಟಕದ ಬಳ್ಳಿಗಾವೆಯಂಥ ಪಟ್ಟಣಗಳಲ್ಲಿಯೂ ಆಂಧ್ರ, ತಮಿಳು ಪ್ರದೇಶಗಳಲ್ಲಿಯೂ ದೊರೆತಿವೆ. ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ದೊರೆತ ಕ್ರಿ.ಶ. 1088ರ ತಮಿಳು ಶಾಸನವೂ ಐನೂರ್ವರನ್ನು ಹೆಸರಿಸುತ್ತದೆ.

ಈ ಸಂಘದ ದಾನಕ್ರಮ ಅರಸರ ದಾನಕ್ಕಿಂತ ಭಿನ್ನ. ಅರಸನು ಭೂಮಿಯನ್ನೋ ಗ್ರಾಮವನ್ನೋ ಒಮ್ಮೆಗೇ ಕೊಡುತ್ತಿದ್ದನು. ವರ್ತಕರಾದರೋ ಸಭೆ ಸೇರಿ, ಎತ್ತಿನ ಹೇರಿಗೆ, ಎಲೆಯ ಹೊರೆಗೆ, ಅಡಕೆ, ಮೆಣಸು, ಬಟ್ಟೆ, ಎಣ್ಣೆಗಳ ವ್ಯಾಪಾರಕ್ಕೆ ಇಂತಿಷ್ಟು ಎಂದು ತಮ್ಮ ಮೇಲೆ ತಾವೇ ಆಯ ಹಾಕಿಕೊಳ್ಳುತ್ತಿದ್ದರು. ಹೀಗೆ ಕೂಡಿದ ಹಣ ದೇವಾಲಯದ ನಂದಾದೀವಿಗೆ, ಸತ್ರ, ಕೆರೆ, ಮಠಗಳಿಗೆ ಸಲ್ಲುತ್ತಿತ್ತು. ಇಲ್ಲಿ ದಾನಿ ಒಬ್ಬ ವ್ಯಕ್ತಿಯಲ್ಲ, ಸಮೂಹ. ದಾನವು ಒಮ್ಮೆ ಮುಗಿಯುವ ಕ್ರಿಯೆಯಲ್ಲ, ವ್ಯಾಪಾರ ನಡೆಯುವಷ್ಟು ಕಾಲ ನಡೆಯುವ ವಂತಿಗೆ. ಕೊಡಬೇಕೆಂದು ತೀರ್ಮಾನಿಸಿದವರು ಕೊಡುವವರೇ. ಸಂಘದ ಕಟ್ಟಳೆಯನ್ನು ಮೀರಿದವನು ಸಂಘದ ಗೌರವವನ್ನೇ ಕಳೆದುಕೊಳ್ಳುತ್ತಿದ್ದನು; ಶಾಪಾಶಯದ ಜೊತೆಗೆ ಸಹಸದಸ್ಯರ ನೋಟವೂ ದತ್ತಿಯನ್ನು ಕಾಯುತ್ತಿತ್ತು.

ವೃತ್ತಿನಿರತರ ಸಮೂಹ, ಲಿಖಿತ ನಿಯಮ, ಸ್ವಯಂಪ್ರೇರಿತ ವಂತಿಗೆ, ಊರಿಂದೂರಿಗೆ ಹಬ್ಬಿದ ಸದಸ್ಯತ್ವ ಎಂಬ ಲಕ್ಷಣಗಳು ಇಪ್ಪತ್ತನೆಯ ಶತಮಾನದ ಸೇವಾಸಂಸ್ಥೆಗಳನ್ನು ನೆನಪಿಸುತ್ತವೆ. ಇದರಿಂದ ಐನೂರ್ವರೇ ಇಂದಿನ ಸೇವಾಸಂಸ್ಥೆಗಳ ಮೂಲಪುರುಷರೆಂದು ಹೇಳುವುದು ಚರಿತ್ರೆಗೆ ಅಪಚಾರವಾದೀತು. ಎರಡರ ನಡುವೆ ನೇರ ಪರಂಪರೆಯಿಲ್ಲ. ವರ್ತಕ ಸಂಘದ ಮುಖ್ಯ ಗುರಿ ವ್ಯಾಪಾರದ ರಕ್ಷಣೆ. ದಾನವು ಅದರ ಪ್ರತಿಷ್ಠೆಯ ಅಂಗ. ಆದರೆ ಸಂಘಟಿತ ವಂತಿಗೆಯ ಕಲ್ಪನೆ ಈ ನೆಲಕ್ಕೆ ಅಪರಿಚಿತವಾಗಿರಲಿಲ್ಲ ಎಂಬುದಷ್ಟೇ ಇಲ್ಲಿ ಪ್ರತಿಪಾದ್ಯ.

ಕೂಡಲಸಂಗಮ ಮತ್ತು ದಾಸೋಹದ ತಿರುವು

ಹನ್ನೆರಡನೆಯ ಶತಮಾನದ ಶರಣ ಚಳವಳಿಯು ದಾನದ ಪರಿಕಲ್ಪನೆಗೆ ಮೂಲಭೂತವಾದ ತಿರುವು ಕೊಟ್ಟಿತು. ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮವು ಬಸವಣ್ಣನವರ ವಿದ್ಯಾಭೂಮಿಯೂ ಐಕ್ಯಕ್ಷೇತ್ರವೂ ಹೌದು. ಕಾಯಕ ಮತ್ತು ದಾಸೋಹಗಳನ್ನು ಶರಣರು ಒಂದೇ ನಾಣ್ಯದ ಎರಡು ಮುಖಗಳಂತೆ ಕಂಡರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಪಡೆಯುವ ಜಂಗಮನು ಶಿವಸ್ವರೂಪಿ. ಹೀಗಾಗಿ ಕೊಟ್ಟೆನೆಂಬ ಅಹಂಕಾರಕ್ಕೆ ಅಲ್ಲಿ ನೆಲೆಯಿಲ್ಲ.

ದಾಸೋಹದ ಸಂಪತ್ತು ಎಲ್ಲಿಂದ ಬರಬೇಕೆಂಬ ಪ್ರಶ್ನೆಯನ್ನೂ ಶರಣರು ಎತ್ತಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ಆಸೆಯ ಫಲವೆಂದು ಎಚ್ಚರಿಸಿ ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಅವನ ಸತಿ ಲಕ್ಕಮ್ಮ. ಪರರ ದುಡಿಮೆಯಿಂದ ಬಂದ ಗ್ರಾಮಾದಾಯವನ್ನು ದಾನ ಮಾಡುವ ಅರಸನ ಮಾದರಿಗೂ, ತನ್ನ ಕೈದುಡಿಮೆಯಿಂದ ಬಂದುದನ್ನಷ್ಟೇ ಸಲ್ಲಿಸುವ ಈ ಮಾದರಿಗೂ ಇರುವ ಅಂತರ ಅಗಾಧ. ಲಂಜಿಗೇಸರದ ಹೆಸರಿಲ್ಲದ ರೈತನ ಪ್ರಶ್ನೆಗೆ ಆರು ಶತಮಾನಗಳ ಬಳಿಕ ದೊರೆತ ಉತ್ತರವೆಂದು ಇದನ್ನು ಪರಿಗಣಿಸಬಹುದು. ಮುಂದಿನ ಕಾಲದಲ್ಲಿ ಮಠಗಳ ಅನ್ನದಾಸೋಹ, ಜೋಳಿಗೆಯ ಭಿಕ್ಷೆ, ಬಡ ವಿದ್ಯಾರ್ಥಿಗಳ ಉಚಿತ ಪ್ರಸಾದ ನಿಲಯಗಳು ಈ ತತ್ತ್ವದ ಸಾಂಸ್ಥಿಕ ರೂಪಗಳಾದವು.

ಬರಗಾಲದಿಂದ ವಿದ್ಯಾವರ್ಧಕ ಸಂಘದವರೆಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಗ ಜಿಲ್ಲಾ ಕೇಂದ್ರವಾಗಿದ್ದುದು ಇಂದಿನ ಬಾಗಲಕೋಟೆ ತಾಲೂಕಿನ ಕಲಾದಗಿ. 1885ರಲ್ಲಿ ಅದು ವಿಜಾಪುರಕ್ಕೆ ಸ್ಥಳಾಂತರಗೊಂಡಿತು. 1876-78ರ ಮಹಾಬರಗಾಲವು ಕಲಾದಗಿ ಜಿಲ್ಲೆಯನ್ನು ತೀವ್ರವಾಗಿ ಕಾಡಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಇಂಥ ದುರಂತದೆದುರು ಮನೆಮನೆಯ ಭಿಕ್ಷೆ, ಮಠದ ಅಂಬಲಿ ಸಾಲವು ಎಂಬುದು ಸಿದ್ಧವಾಯಿತು. ಹಸಿದವರಿಗೆ ಅನ್ನ ನೀಡುವುದರ ಜೊತೆಗೆ ಜನರನ್ನು ಸ್ವಾವಲಂಬಿಗಳನ್ನಾಗಿಸುವ ಶಾಶ್ವತ ವ್ಯವಸ್ಥೆ ಬೇಕೆಂಬ ಅರಿವು ಮುಂದಿನ ತಲೆಮಾರಿನಲ್ಲಿ ಬೆಳೆಯಿತು. 1860ರ ಸಂಘಗಳ ನೋಂದಣಿ ಕಾಯ್ದೆಯು ಅದಕ್ಕೆ ಕಾನೂನಿನ ಚೌಕಟ್ಟನ್ನು ಒದಗಿಸಿತ್ತು.

ಈ ಹಿನ್ನೆಲೆಯಲ್ಲಿ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಸ್ಥಾಪನೆ ಮಹತ್ವದ ಘಟ್ಟ. ಬೀಳೂರಿನ ಗುರುಬಸವ ಮಹಾಸ್ವಾಮಿಗಳ ಪ್ರೇರಣೆಯಿಂದ 1906ರಲ್ಲಿ ಆರಂಭವಾದ ಈ ಸಂಘವು ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗಿಂತ (1916) ಹತ್ತು ವರ್ಷ ಹಳೆಯದು. 1963ರಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜನ್ನೂ, 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನೂ ಅದು ಪ್ರಾರಂಭಿಸಿತು. ಸಂಘದ ಆಸ್ಪತ್ರೆಗೆ ಹಾನಗಲ್ಲ ಕುಮಾರೇಶ್ವರರ ಹೆಸರಿಡಲಾಗಿದೆ.

ಹಾನಗಲ್ಲ ಕುಮಾರ ಶಿವಯೋಗಿಗಳು (1867-1930) 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿ ತಾಲೂಕಿನ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದವರು. ಮಂದಿರದ ಸ್ಥಾಪನೆಯಲ್ಲಿ ಇಳಕಲ್ಲಿನ ವಿಜಯಮಹಾಂತ ಶಿವಯೋಗಿಗಳ ಮಾರ್ಗದರ್ಶನವಿತ್ತೆಂಬುದು ಮಠಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಮಠಾಧಿಪತಿಗಳಾಗುವ ವಟುಗಳಿಗೆ ಶಿಸ್ತುಬದ್ಧ ಶಿಕ್ಷಣ ಕೊಡುವುದು ಅದರ ಗುರಿ. ಮಠಗಳಿಗೆ ಹರಿದುಬರುವ ಭಕ್ತರ ಕಾಣಿಕೆ ಸದ್ವಿನಿಯೋಗವಾಗಬೇಕಾದರೆ ಅದನ್ನು ನಿರ್ವಹಿಸುವವರು ಸುಶಿಕ್ಷಿತರಾಗಿರಬೇಕೆಂಬ ದೂರದೃಷ್ಟಿ ಇದರ ಹಿಂದಿತ್ತು. ದಾನದ ಮೂರನೆಯ ಅಂಗವಾದ ‘ಕಾಯುವವರು ಯಾರು’ ಎಂಬ ಪ್ರಶ್ನೆಗೆ ಶಿಕ್ಷಣದ ಮೂಲಕ ಉತ್ತರ ಹುಡುಕಿದ ಪ್ರಯತ್ನವಿದು.

ಈ ಸಂಸ್ಥೆಗಳು ಒಂದು ಸಮುದಾಯದ ಹೆಸರಿನಲ್ಲಿ ಹುಟ್ಟಿದವು. ಕಾಲದ ಅಗತ್ಯವೇ ಹಾಗಿತ್ತು. ಶಿಕ್ಷಣದಲ್ಲಿ ಹಿಂದುಳಿದವರು ತಮ್ಮ ತಮ್ಮವರನ್ನು ಮೇಲೆತ್ತಲು ಹೊರಟರು. ಆದರೆ ಶಾಲೆ, ಕಾಲೇಜು, ಆಸ್ಪತ್ರೆಗಳ ಪ್ರಯೋಜನ ಕ್ರಮೇಣ ಎಲ್ಲ ಸಮುದಾಯಗಳಿಗೂ ದೊರೆಯಿತು. ಸ್ವಾತಂತ್ರ್ಯಾನಂತರ 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆಯು ದತ್ತಿಗಳ ನೋಂದಣಿ ಮತ್ತು ಲೆಕ್ಕಪರಿಶೋಧನೆಯನ್ನು ಕಡ್ಡಾಯಗೊಳಿಸಿತು. ಏಳನೆಯ ನರಕದ ಹುಳುವಿನ ಭಯ ಇದ್ದಲ್ಲಿ ಲೆಕ್ಕಪರಿಶೋಧಕರ ವರದಿ ಬಂದಿತು.

ಸೇವಾಸಂಸ್ಥೆಗಳ ಆಗಮನ

ರೋಟರಿಯು 1905ರಲ್ಲಿ, ಲಯನ್ಸ್ 1917ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಹುಟ್ಟಿಕೊಂಡವು. ಮೊದಲನೆಯದು 1920ರ ವೇಳೆಗೆ ಕಲಕತ್ತೆಯ ಮೂಲಕ, ಎರಡನೆಯದು 1956ರಲ್ಲಿ ಮುಂಬಯಿಯ ಮೂಲಕ ಭಾರತವನ್ನು ಪ್ರವೇಶಿಸಿತು. ಕ್ರಮೇಣ ಸಣ್ಣ ಪಟ್ಟಣಗಳಿಗೂ ಇವು ಹಬ್ಬಿದವು. ಹತ್ತಿಯ ವ್ಯಾಪಾರವಿದ್ದ ಬಾಗಲಕೋಟೆ, ಸೀರೆಯ ನೇಯ್ಗೆ ಮತ್ತು ಕೆಂಪು ಗ್ರಾನೈಟ್ ಕಲ್ಲಿಗೆ ಹೆಸರಾದ ಇಳಕಲ್ಲಿನಂಥ ಊರುಗಳಲ್ಲಿ ವರ್ತಕರು, ವೈದ್ಯರು, ವಕೀಲರು, ಅಧ್ಯಾಪಕರು ಇವುಗಳ ಸದಸ್ಯರಾದರು.

ಈ ಸಂಸ್ಥೆಗಳು ತಂದ ಹೊಸತನವನ್ನು ಮೂರು ಅಂಶಗಳಲ್ಲಿ ಗುರುತಿಸಬಹುದು. ಮೊದಲನೆಯದಾಗಿ, ಸದಸ್ಯತ್ವಕ್ಕೆ ಜಾತಿ, ಮತಗಳು ಆಧಾರವಲ್ಲ. ವೃತ್ತಿ ಮತ್ತು ಒಡನಾಟವೇ ಆಧಾರ. ಎರಡನೆಯದಾಗಿ, ಹಣದ ಜೊತೆಗೆ ಸಮಯ ಮತ್ತು ವೃತ್ತಿಕೌಶಲವೂ ದಾನದ ವಸ್ತುಗಳಾದವು. ವೈದ್ಯನು ಶಿಬಿರದಲ್ಲಿ ಕಣ್ಣು ಪರೀಕ್ಷಿಸುವುದು, ಅಧ್ಯಾಪಕನು ಸಾಲು ನಿಲ್ಲಿಸುವುದು, ವರ್ತಕನು ಊಟದ ವ್ಯವಸ್ಥೆ ನೋಡಿಕೊಳ್ಳುವುದು ಇದರ ಸಾಮಾನ್ಯ ಚಿತ್ರ. ಮೂರನೆಯದಾಗಿ, ಸ್ಥಳೀಯ ಕೆಲಸವು ಜಾಗತಿಕ ಕಾರ್ಯಕ್ರಮದ ಭಾಗವಾಯಿತು. 1985ರಲ್ಲಿ ರೋಟರಿಯು ಪೋಲಿಯೊ ನಿರ್ಮೂಲನದ ಜಾಗತಿಕ ಅಭಿಯಾನಕ್ಕೆ ಕೈಹಾಕಿತು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ಕಾರ್ಯಕ್ರಮ ನಡೆದು, 2014ರ ಮಾರ್ಚ್ 27ರಂದು ದೇಶವು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ದೃಷ್ಟಿಹೀನರ ಸೇವೆಗೆ ಕೈಜೋಡಿಸುವಂತೆ ಹೆಲೆನ್ ಕೆಲ್ಲರ್ 1925ರಲ್ಲಿ ಮಾಡಿದ ಮನವಿಯಿಂದ ಲಯನ್ಸ್ ಸಂಸ್ಥೆಯ ನೇತ್ರಸೇವೆ ವಿಸ್ತಾರಗೊಂಡಿತು.

ಇವುಗಳ ಮಿತಿಗಳೂ ಇವುಗಳ ರಚನೆಯಲ್ಲಿಯೇ ಅಡಗಿವೆ. ಸದಸ್ಯತ್ವವು ಆಹ್ವಾನದಿಂದ ದೊರೆಯುವಂಥದು, ಶುಲ್ಕವೂ ಉಂಟು. ಆದ್ದರಿಂದ ನೇಕಾರನಾಗಲಿ ಕೂಲಿಕಾರನಾಗಲಿ ಫಲಾನುಭವಿಯಾಗಿ ಬರುವನೇ ಹೊರತು ಸದಸ್ಯನಾಗಿ ಬರುವುದು ಅಪರೂಪ. ಕೈದುಡಿಮೆಯವನನ್ನೇ ದಾಸೋಹಿಯನ್ನಾಗಿಸಿದ ಶರಣರ ಮಾದರಿಯಿಂದ ಇದು ಹಿಂದೆ ಸರಿದಂತೆ. ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುವುದರಿಂದ ಹೊಸಬರಿಗೆ ಅವಕಾಶ ದೊರೆಯುತ್ತದೆ, ಒಬ್ಬರ ಹಿಡಿತ ತಪ್ಪುತ್ತದೆ. ಆದರೆ ಒಂದು ವರ್ಷದಲ್ಲಿ ಮುಗಿಯುವ ಶಿಬಿರ, ವಿತರಣೆಗಳಿಗೆ ಒಲವು ಹೆಚ್ಚಿ, ದೀರ್ಘಕಾಲದ ಕೆಲಸಗಳು ಹಿಂದೆ ಬೀಳುವ ಸಂಭವವೂ ಇದೆ.

ಮಹಾಂತ ಜೋಳಿಗೆ: ಬೇಡುವುದರ ಹೊಸ ಅರ್ಥ

ಸ್ವಯಂಸೇವೆಗೆ ಸಂಪೂರ್ಣ ಸ್ಥಳೀಯವಾದ ಮಾದರಿಯೊಂದನ್ನು ಇಳಕಲ್ ಒದಗಿಸಿದೆ. ಚಿತ್ತರಗಿ ಇಳಕಲ್ಲಿನ ವಿಜಯಮಹಾಂತೇಶ್ವರ ಮಠದ ಮಹಾಂತ ಸ್ವಾಮಿಗಳು, ಕುಡಿತವು ಸಂಸಾರಗಳನ್ನು ಹಾಳುಮಾಡುತ್ತಿದ್ದುದನ್ನು ಕಂಡು, 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಜೋಳಿಗೆ ಹಿಡಿದು ಓಣಿ ಓಣಿ, ಹಳ್ಳಿ ಹಳ್ಳಿ ತಿರುಗಿದ ಅವರು ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ. ಮದ್ಯ, ತಂಬಾಕು ಮೊದಲಾದ ದುಶ್ಚಟಗಳನ್ನು. ಜನರು ತಮ್ಮ ಚಟವನ್ನು ಆ ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ಈ ಕಾರ್ಯ ಕರ್ನಾಟಕದಾಚೆಗೂ ವ್ಯಾಪಿಸಿತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ದಾನದ ಇತಿಹಾಸದ ದೃಷ್ಟಿಯಿಂದ ಇದೊಂದು ಅಪೂರ್ವ ಪಲ್ಲಟ. ಇಲ್ಲಿ ಕೊಡುವವನೇ ಲಾಭ ಪಡೆಯುವವನು. ಬಡವನೂ ಶ್ರೀಮಂತನೂ ಸಮಾನವಾಗಿ ದಾನಿಗಳಾಗಬಲ್ಲರು. ಏನೂ ಇಲ್ಲದವನಿಗೂ ಕೊಡಲು ಒಂದು ವಸ್ತು ಉಂಟು. ಇದರ ಕಾವಲು ಶಾಪವೂ ಅಲ್ಲ, ಕಾಯ್ದೆಯೂ ಅಲ್ಲ. ಊರಿನೆದುರು ಕೊಟ್ಟ ಮಾತು ಮತ್ತು ಮನೆಯವರ ಕಣ್ಣು.

ನೆರೆಯ ಪರೀಕ್ಷೆ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಅತಿವೃಷ್ಟಿಯಿಂದ ಉತ್ತರ ಕರ್ನಾಟಕದಲ್ಲಿ ಭೀಕರ ಪ್ರವಾಹ ಉಂಟಾಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬಾದಾಮಿ ಮತ್ತು ಹುನಗುಂದ ಭಾಗದ ಮಲಪ್ರಭಾ ದಡದ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಮಠಗಳು ದಾಸೋಹ ತೆರೆದವು. ಸಂಘಸಂಸ್ಥೆಗಳು, ವಿದ್ಯಾರ್ಥಿಗಳು, ದೂರದ ಊರುಗಳ ದಾನಿಗಳು ಬಟ್ಟೆ, ಧಾನ್ಯ, ಔಷಧಿಗಳನ್ನು ತಲುಪಿಸಿದರು. ಸರ್ಕಾರವು ‘ಆಸರೆ’ ಯೋಜನೆಯಡಿ ಉದ್ಯಮಗಳು, ಮಠಗಳು ಮತ್ತು ಸೇವಾಸಂಸ್ಥೆಗಳ ಸಹಭಾಗಿತ್ವದಲ್ಲಿ ಹೊಸ ಮನೆಗಳನ್ನು ನಿರ್ಮಿಸಲು ಮುಂದಾಯಿತು. ಅರಸ, ವರ್ತಕ ಸಂಘ, ಮಠ ಎಂಬ ಪ್ರಾಚೀನ ದಾನಿಗಳ ಆಧುನಿಕ ರೂಪಗಳು ಒಂದೇ ಕಾರ್ಯದಲ್ಲಿ ಕೂಡಿದ ಸಂದರ್ಭವಿದು.

ಈ ಅನುಭವ ಒಂದು ಪಾಠವನ್ನೂ ಕಲಿಸಿತು. ಹೊಲದಿಂದ ದೂರವಾದ, ದನಕರು ಕಟ್ಟಲು, ಮೇವು ಒಟ್ಟಲು ಜಾಗವಿಲ್ಲದ ಮನೆಗಳಿಗೆ ಹೋಗಿ ನೆಲೆಸಲು ಹಲವು ಕುಟುಂಬಗಳು ಹಿಂಜರಿದವು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿದಾಗ ಹಳೆಯ ಪ್ರಶ್ನೆಗಳು ಮರಳಿ ಎದ್ದವು. ಪಡೆಯುವವರ ಮಾತನ್ನು ಮೊದಲು ಕೇಳದೆ ಕೊಟ್ಟದ್ದು, ಎಷ್ಟೇ ಸದುದ್ದೇಶದಿಂದ ಕೂಡಿದ್ದರೂ, ಅವರ ಬದುಕಿಗೆ ಪೂರ್ಣವಾಗಿ ಒದಗುವುದಿಲ್ಲ. ಆಶ್ರಯ ಪಡೆಯುವವನನ್ನು ಒಡೆಯನ ಸ್ಥಾನದಲ್ಲಿ ಇರಿಸಿದ ದಾಸೋಹತತ್ತ್ವಕ್ಕೆ ಇಲ್ಲಿ ಕೇವಲ ಧಾರ್ಮಿಕ ಮೌಲ್ಯವಷ್ಟೇ ಅಲ್ಲ, ಆಡಳಿತಾತ್ಮಕ ಮೌಲ್ಯವೂ ಇದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಬಾಗಲಕೋಟೆ ಪರಿಸರದಲ್ಲಿ ದಾನಿಯು ಅರಸನಿಂದ ವರ್ತಕ ಸಮೂಹಕ್ಕೆ, ಅಲ್ಲಿಂದ ಕಾಯಕಜೀವಿಗೆ, ಮಠಕ್ಕೆ, ನೋಂದಾಯಿತ ಸಂಘಕ್ಕೆ, ಸೇವಾಸಂಸ್ಥೆಗೆ ವಿಸ್ತಾರಗೊಂಡಿದ್ದಾನೆ. ಹೊಸದು ಬಂದಾಗ ಹಳೆಯದು ಅಳಿಯಲಿಲ್ಲ. ಎಲ್ಲವೂ ಜೊತೆಜೊತೆಗೆ ಉಳಿದುಬಂದಿವೆ. ದತ್ತಿಯ ಕಾವಲು ಮಾತ್ರ ಶಾಪದಿಂದ ಕಟ್ಟಳೆಗೆ, ಕಟ್ಟಳೆಯಿಂದ ಕಾಯ್ದೆಗೆ ಬದಲಾಗಿದೆ. ಪಡೆಯುವವರ ಧ್ವನಿಯು ಈ ದೀರ್ಘ ಇತಿಹಾಸದುದ್ದಕ್ಕೂ ಕ್ಷೀಣವಾಗಿಯೇ ಇದೆ. ಶರಣರ ದಾಸೋಹ ಮತ್ತು ಇಳಕಲ್ಲಿನ ಜೋಳಿಗೆ ಇದಕ್ಕೆ ಮುಖ್ಯ ಅಪವಾದಗಳು.

ಸಂಶೋಧಕರ ಮುಂದಿರುವ ಕರ್ತವ್ಯವೂ ಇಲ್ಲಿ ಉಲ್ಲೇಖಾರ್ಹ. ಮಂಗಲೇಶನ ದತ್ತಿಯ ವಿವರ ಹದಿನಾಲ್ಕು ಶತಮಾನಗಳ ಬಳಿಕವೂ ಓದಲು ದೊರೆಯುತ್ತದೆ. ಏಕೆಂದರೆ ಅದನ್ನು ಕಲ್ಲಿನಲ್ಲಿ ಬರೆಸಲಾಗಿತ್ತು. ಕಳೆದ ಶತಮಾನದ ಸಂಘಗಳ ನಡಾವಳಿ ಪುಸ್ತಕಗಳು, ವಂತಿಗೆಯ ಪಾವತಿಗಳು, ವಾರ್ಷಿಕ ವರದಿಗಳು, ಸ್ಮರಣ ಸಂಚಿಕೆಗಳು ಕಾಗದದ ಮೇಲಿವೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಬಹುಭಾಗವನ್ನು ತೆರವುಗೊಳಿಸಿ ಜನರು ನವನಗರಕ್ಕೆ ಸ್ಥಳಾಂತರಗೊಂಡ ಈ ಜಿಲ್ಲೆಯಲ್ಲಿ ಕಾಗದಪತ್ರಗಳ ಬಾಳು ಎಷ್ಟು ಅನಿಶ್ಚಿತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಣ್ಣ ಮೊತ್ತದ ವಂತಿಗೆ ಕೊಟ್ಟ ನೇಕಾರ, ರಜಾದಿನವನ್ನು ಶಿಬಿರಕ್ಕೆ ಮೀಸಲಿಟ್ಟ ಶಿಕ್ಷಕಿ, ನೆರೆಯಲ್ಲಿ ರೊಟ್ಟಿ ಬಡಿದು ಕಳುಹಿಸಿದ ಊರ ಹೆಣ್ಣುಮಕ್ಕಳು ಇವರೆಲ್ಲ ಶಾಸನವಿಲ್ಲದ ದಾನಿಗಳು. ಗ್ರಂಥಾಲಯಗಳೂ ಜಿಲ್ಲಾ ಮಟ್ಟದ ದಾಖಲಾಲಯಗಳೂ ಈ ಸಾಮಗ್ರಿಯನ್ನು ಈಗಲೇ ಸಂಗ್ರಹಿಸಿದಲ್ಲಿ, ಲಂಜಿಗೇಸರದ ರೈತರಿಗೆ ಒದಗಿದ ಅನಾಮಿಕತೆ ಇವರಿಗೂ ಒದಗುವುದು ತಪ್ಪುತ್ತದೆ.